ಗುಟ್ಟಿನ ಗಿರಾಕಿ – ೯: ಮಡಚಿದ ಟೇಪಿನ ತುದಿ

ಡಬ್ಬದೊಳಗಿಂದ ಮೊದಲು ಬಂದದ್ದು ಬಚ್ಚಲುಮನೆಯ ಟೈಲ್ಸು.

ತಿಳಿಹಸಿರು ಬಣ್ಣ, ಮೂಲೆಯಲ್ಲೊಂದು ಬಿಳಿ ಹೂವು. ಎರಡು ಇಡಿಯವು, ಮೂರು ಒಡಕು. ಬದರಿನಾಥ ಅವನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದ. ಅವನಿಗೆ ಅವಸರವಿರಲಿಲ್ಲ. ಕೊನೆಯ ತುಂಡನ್ನು ಇಟ್ಟು, ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು, ಎದುರಿಗಿದ್ದ ಮೂವರನ್ನೂ ನೋಡಿದ.

"ಮೂರು ಕೆಜಿ ಮುನ್ನೂರ ನಲವತ್ತು ಗ್ರಾಂ. ಹೋದ ಶನಿವಾರ ಕೆಳಗಡೆ ಕೌಂಟರ್‌ನಲ್ಲಿ ಬುಕ್ ಆದಾಗ ಅಷ್ಟೇ. ಮಂಗಳವಾರ ಶಿವಮೊಗ್ಗದಲ್ಲಿ ಡೆಲಿವರಿ ಆದಾಗಲೂ ಅಷ್ಟೇ. ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿ ಇಲ್ಲ. ನಿಧಾನವಾಗಿ ಕೂತು, ತೂಕ ಹಾಕಿ ಮಾಡಿದಾನೆ."

ಮಾಡಿದಾನೆ ಎನ್ನುವಾಗ ಅವನ ಗದ್ದ ಬಾಗಿಲಿನ ಕಡೆ ತಿರುಗಿತು. ಅಲ್ಲಿ ಸಿದ್ದರಾಜು ನಿಂತಿದ್ದ. ಖಾಲಿ ಕುರ್ಚಿಗಳು ಎರಡಿದ್ದವು. ಕೂರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹಂಸಪಥ ಪಾರ್ಸೆಲ್‌ನ ಜಯನಗರ ನಾಲ್ಕನೇ ಬ್ಲಾಕಿನ ಕೌಂಟರಿನಲ್ಲಿ ಹದಿನಾಲ್ಕು ವರ್ಷದಿಂದ ಡಬ್ಬ ಕಟ್ಟುತ್ತಿದ್ದವನು ಸಿದ್ದರಾಜು. ವಯಸ್ಸು ಐವತ್ತೆರಡು. ಬದರಿನಾಥ ಅದೇ ಕಂಪನಿಯ ವಿಜಿಲೆನ್ಸ್ ಅಧಿಕಾರಿ. ಅವನ ಕೋಣೆ ಕೌಂಟರಿನ ನೇರ ಮೇಲಿನ ಮಹಡಿಯಲ್ಲಿತ್ತು, ಎಸಿ ಇತ್ತು, ಕಿಟಕಿಗೆ ಪರದೆ ಇತ್ತು. ಕೆಳಗಿನ ಕೌಂಟರಿಗೆ ಏಳು ತಿಂಗಳಿಂದ ಸಾಮಾನಿಗೆ ಸುತ್ತುವ ಬಬಲ್ ಶೀಟು ಬಂದಿರಲಿಲ್ಲ.

"ಮೇಡಂ," ಬದರಿನಾಥ ಒಂದು ಹಾಳೆಯನ್ನು ಮೇಜಿನ ಆಚೆ ಬದಿಗೆ ತಳ್ಳಿದ. "ಇಲ್ಲೊಂದು ಸಹಿ ಹಾಕಿಬಿಟ್ರೆ ನಿಮ್ಮ ಕೆಲಸ ಮುಗೀತು. ನಾಲ್ಕು ಗಂಟೆಗೆ ನಮ್ಮ ಲಾಯರ್ ಬಂದು ಸ್ಟೇಷನ್ನಿಗೆ ತಗೊಂಡು ಹೋಗ್ತಾರೆ."

ಕಾತ್ಯಾಯಿನಿಯವರು ಹಾಳೆಯನ್ನು ಮುಟ್ಟಲಿಲ್ಲ. ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ದೂರದಿಂದಲೇ ಓದಿದರು. ಮೂವತ್ತೊಂದು ವರ್ಷ ಹುಡುಗಿಯರಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟವರು. ತಮ್ಮ ಹಿತ್ತಾಳೆಯ ಮೈಕ್ರೋಸ್ಕೋಪನ್ನು ಹಳೆಯ ವಿದ್ಯಾರ್ಥಿನಿ ಇಂಚರಾಳಿಗೆ ಕಳಿಸಿದ್ದರು. ಶಿವಮೊಗ್ಗದಲ್ಲಿ ಆಕೆ ಡಬ್ಬ ಬಿಚ್ಚಿದಾಗ ಸಿಕ್ಕದ್ದು ಈ ಟೈಲ್ಸು. ಮುಚ್ಚಿದ್ದ ಟೇಪಿಗೆ ಕೈ ಹಚ್ಚದೆ, ಪಕ್ಕದಲ್ಲಿ ಬ್ಲೇಡು ಹಾಕಿ ತೆಗೆದು, ಹಾಗೇ ಗುರುವಿಗೆ ವಾಪಸ್ ಕಳಿಸಿದ್ದಳು. ಒಳ್ಳೆಯ ಶಿಷ್ಯೆ.

"ಇದರಲ್ಲಿ 'ಸಿದ್ದರಾಜು ಎಂಬಾತನು ಕದ್ದಿರುತ್ತಾನೆ' ಅಂತ ಬರೆದಿದೀರಿ."

"ಹೌದು ಮೇಡಂ."

"ನೀವು ನೋಡಿದ್ರಾ?"

"ನೋಡೋದೇನಿದೆ? ಶನಿವಾರ ಮಧ್ಯಾಹ್ನದ ವ್ಯಾನ್ ಹೋದ ಮೇಲೆ ನಿಮ್ಮ ಪಾರ್ಸೆಲ್ ಬುಕ್ ಆಗಿದೆ. ಭಾನುವಾರ ಬೆಳಿಗ್ಗೆವರೆಗೂ ಇವನ ಕೈಯಲ್ಲೇ ಇತ್ತು. ಫಾರ್ಮ್‌ನಲ್ಲಿ ಏನ್ ಬರೆದಿದ್ರಿ? 'ಹಿತ್ತಾಳೆ ಮೈಕ್ರೋಸ್ಕೋಪ್, ತುಂಬಾ ಹಳೇದು'. ಕಳ್ಳನಿಗೆ ನೀವೇ ಪಟ್ಟಿ ಕೊಟ್ಟ ಹಾಗಾಯ್ತು."

"ಒಳಗೇನಿದೆ ಅಂತ ಸ್ಪಷ್ಟವಾಗಿ ಬರೀಬೇಕು ಅನ್ನೋದು ನಿಮ್ಮ ನಿಯಮ ಕಣ್ರೀ. ಬರೆಯದಿದ್ರೆ ತಗೊಳಲ್ಲ ಅಂತೀರಿ. ಬರೆದ್ರೆ ನಾನೇ ಪಟ್ಟಿ ಕೊಟ್ಟೆ ಅಂತೀರಿ."

ಬದರಿನಾಥ ನಕ್ಕ. ಹಿರಿಯರ ಮಾತಿಗೆ ನಗುವ ನಗು ಅದು, ಉತ್ತರ ಕೊಡದಿರುವುದಕ್ಕೆಂದೇ ಇಟ್ಟುಕೊಂಡದ್ದು. ನಂತರ ಫೈಲಿನಿಂದ ಇನ್ನೊಂದು ಹಾಳೆ ತೆಗೆದ.

ಕಾತ್ಯಾಯಿನಿಯವರ ಪಕ್ಕದ ಕುರ್ಚಿಯಲ್ಲಿದ್ದ ಸಂಘಮಿತ್ರಾ ಮುಂದಕ್ಕೆ ಬಾಗಿದಳು. ಆ ಹಾಳೆಯನ್ನು ಅವಳು ಇಷ್ಟು ದೂರದಿಂದಲೇ ಗುರುತಿಸಬಲ್ಲಳು. ಅದನ್ನು ತುಂಬಿದವಳು ಅವಳೇ.

"ಇದು ಎರಡು ತಿಂಗಳ ಹಿಂದಿನ ರಿಪೋರ್ಟು. ನಾವು ಹೊರಗಿನ ಏಜೆನ್ಸಿಯಿಂದ ಮಿಸ್ಟರಿ ಶಾಪರ್‌ಗಳನ್ನ ಕಳಿಸ್ತೀವಿ ಮೇಡಂ. ಮಾಮೂಲಿ ಗಿರಾಕಿ ಥರ ಬಂದು ಪಾರ್ಸೆಲ್ ಕಳಿಸ್ತಾರೆ. ನಮ್ಮವರು ನಿಯಮದ ಪ್ರಕಾರ ಪ್ಯಾಕ್ ಮಾಡ್ತಾರಾ ಇಲ್ವಾ ನೋಡಿ ಅಂಕ ಕೊಡ್ತಾರೆ. ಇವನಿಗೆ ಸಿಕ್ಕಿರೋದು ಇಪ್ಪತ್ತಕ್ಕೆ ನಾಲ್ಕು. ಇಡೀ ಬೆಂಗಳೂರು ಸೌತ್‌ನಲ್ಲಿ ಇದಕ್ಕಿಂತ ಕಮ್ಮಿ ಅಂಕ ಇಲ್ಲ. ನಿಯಮ ಮುರಿಯೋದು ಇವನಿಗೆ ಅಭ್ಯಾಸ."

ಸಿದ್ದರಾಜು ಮೊದಲ ಸಲ ಬಾಯಿ ತೆರೆದ. "ಸಾರ್, ಯಾಕೆ ನಾಲ್ಕು ಅಂತ ಅವತ್ತೂ ಕೇಳ್ದೆ. ನೀವು ಹೇಳ್ಲಿಲ್ಲ."

"ಹೇಳೋ ಹಾಗಿಲ್ಲ. ಅದು ಗುಟ್ಟು. ನಿನಗೆ ಅಂಕ ಅಷ್ಟೇ ಗೊತ್ತಾಗೋದು."

"ತಪ್ಪು ಏನು ಅಂತ ಗೊತ್ತಾಗ್ದೆ ತಿದ್ಕೊಳೋದು ಹೆಂಗೆ ಸಾರ್?"

"ನಿನ್ನ ಜೊತೆ ವಾದ ಮಾಡಕ್ಕೆ ಕರೆದಿಲ್ಲ."

ಸಂಘಮಿತ್ರಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

ಅವಳು ಈ ಕೋಣೆಗೆ ಬಂದದ್ದೇ ತಪ್ಪು. ಗುಟ್ಟಿನ ಗಿರಾಕಿಯ ಕೆಲಸದ ಮೊದಲ ನಿಯಮ: ಯಾವ ಕೌಂಟರನ್ನು ಪರೀಕ್ಷಿಸಿದ್ದೀಯೋ ಅದರ ಮುಂದೆ ಮತ್ತೆ ನೀನಾಗಿ ಕಾಣಿಸಿಕೊಳ್ಳಬೇಡ. ನಿನ್ನೆ ಅವಳಿಗೆ ಬಂದ ಈಮೇಲಿನಲ್ಲಿ ಕಳುವಾದ ಪಾರ್ಸೆಲ್‌ನ ರಸೀದಿಯ ಪ್ರತಿಯ ಜೊತೆ ಒಂದೇ ಸಾಲಿತ್ತು: ನಿಮ್ಮ ವರದಿಯ ಆಧಾರದ ಮೇಲೆ ಕ್ರಮ ಕೈಗೊಳ್ಳಲಾಗುತ್ತಿದೆ, ಧನ್ಯವಾದಗಳು. ಆ ಧನ್ಯವಾದ ಅವಳಿಗೆ ರಾತ್ರಿಯೂಟ ಸೇರಗೊಡಲಿಲ್ಲ. ಬೆಳಿಗ್ಗೆ ಕಾತ್ಯಾಯಿನಿಯವರ ಮನೆ ಹುಡುಕಿಕೊಂಡು ಹೋಗಿ, ಅವರ ಜೊತೆಗೇ ಬಂದಿದ್ದಳು. ಬದರಿನಾಥ ಅವಳನ್ನು ಆಕೆಯ ಮಗಳೋ ಸೊಸೆಯೋ ಅಂದುಕೊಂಡಿದ್ದ.

"ಆ ನಾಲ್ಕು ಅಂಕ ಕೊಟ್ಟೋಳು ನಾನು ಸಾರ್."

ಬದರಿನಾಥನ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಲ್ಲಿ ಇರಲಿಲ್ಲ.

"ನಿಮ್ಮ ಹೆಸರು?"

"ಸಂಘಮಿತ್ರಾ. ವಿಷ್ಣು ಸಾರ್ ಏಜೆನ್ಸಿ, ಬಿಟಿಎಂ ಲೇಔಟ್."

"ವಿಷ್ಣು ಅವರಿಗೆ ಗೊತ್ತಾ ನೀವು ಇಲ್ಲಿಗೆ ಬಂದಿರೋದು?"

"ಇಲ್ಲ."

"ಗೊತ್ತಾಗತ್ತೆ," ಎಂದು ಬದರಿನಾಥ ಪೆನ್ನಿನ ಕ್ಯಾಪು ಹಾಕಿದ.

ಅವಳು ಅವನನ್ನು ನೋಡುತ್ತಿರಲಿಲ್ಲ. ಬಾಗಿಲ ಬಳಿ ಸಿದ್ದರಾಜು ಕಣ್ಣು ಕಿರಿದು ಮಾಡಿ ಅವಳನ್ನೇ ದಿಟ್ಟಿಸುತ್ತಿದ್ದ. ಸಾವಿರಾರು ಗಿರಾಕಿಗಳ ಮುಖ ಅವನ ನೆನಪಿನಲ್ಲಿ ನಿಲ್ಲುವುದು ಅವರ ಸಾಮಾನಿನಿಂದ.

"ಜಾಡಿ," ಅಂದ. "ಉಪ್ಪಿನಕಾಯಿ ಜಾಡಿ. ಕಂದು ಬಣ್ಣ, ಕುತ್ತಿಗೆ ಮೇಲೆ ಬಿಳಿ ಪಟ್ಟಿ. ಹಾಸನಕ್ಕೆ ಕಳ್ಸಿದ್ರಿ."

"ಹೌದು ಅಣ್ಣ."

"ಒಡೆದೋಗಿತ್ತಾ ತಾಯಿ?"

"ಇಲ್ಲ."

"ಸೀಳು ಬಿಟ್ಟಿತ್ತಾ?"

"ಇಲ್ಲ ಅಣ್ಣ. ಚೆನ್ನಾಗೇ ತಲುಪಿತ್ತು."

"ಮತ್ತೆ ನಾಲ್ಕು ಯಾಕೆ?"

ಸಂಘಮಿತ್ರಾ ಮೇಜಿನ ಮೇಲಿದ್ದ ತನ್ನ ವರದಿಯನ್ನು ನೋಡಿದಳು.

ಹೇಳಬಹುದಾದ ಉತ್ತರವೇನೋ ಇತ್ತು. ಫಾರ್ಮಿನಲ್ಲಿ ಇಪ್ಪತ್ತು ಪ್ರಶ್ನೆ. ಸುತ್ತಲೂ ಎರಡಿಂಚು ಬಬಲ್ ಶೀಟು ಇತ್ತೆ? ಇಲ್ಲ, ಅವನು ಹಳೆಯ ಪೇಪರನ್ನು ಉಂಡೆ ಕಟ್ಟಿ ತುರುಕಿದ್ದ. ಹೊಸ ಡಬ್ಬವೇ? ಇಲ್ಲ, ಹಣ್ಣಿನಂಗಡಿಯದ್ದು. ಮುಚ್ಚಳದ ಮೇಲೆ ಮೂರು ಪಟ್ಟಿ ಟೇಪು, ನಡುವೆ ಉದ್ದಕ್ಕೊಂದು, ಎರಡು ಅಂಚಿಗೆ ಒಂದೊಂದು, ಹಚ್ಚಿದ್ದನೆ? ಇಲ್ಲ. ನಡುವೆ ಒಂದೇ ಪಟ್ಟಿ, ಅದೂ ತೆಳ್ಳನೆಯದು. ಮೇಲೆ ಸೆಣಬಿನ ದಾರ ನಾಲ್ಕು ಸುತ್ತು ಬಿಗಿದು ಗಂಟು ಹಾಕಿದ್ದ. ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಸದ್ದು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದ. ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

ಸಾಮಾನು ಸರಿಯಾಗಿ ತಲುಪಿತೆ ಎಂಬ ಪ್ರಶ್ನೆ ಇಪ್ಪತ್ತರಲ್ಲಿ ಒಂದು ಮಾತ್ರ. ಅದಕ್ಕೂ ಒಂದೇ ಅಂಕ.

"ನಾನು ಫಾರ್ಮು ನೋಡಿದೆ ಅಣ್ಣ, ಜಾಡಿ ನೋಡ್ಲಿಲ್ಲ," ಅಂದಳು.

ಸಿದ್ದರಾಜು ತಲೆಯಾಡಿಸಿದ, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

"ತುಂಬಾ ಚೆನ್ನಾಗಿದೆ," ಬದರಿನಾಥ ಗಡಿಯಾರ ನೋಡಿದ. ಮೂರೂ ಮೂವತ್ತು. "ನೀವೇ ಒಪ್ಕೊಂಡ್ರಿ, ಇವನು ನಿಯಮ ಪಾಲಿಸಲ್ಲ ಅಂತ. ಮೇಡಂ, ಸಹಿ."

"ಅದನ್ನೇ ಹೇಳಕ್ಕೆ ಬಂದೆ ಸಾರ್. ಇವರಿಗೆ ನಿಯಮ ಗೊತ್ತಿಲ್ಲ. ಈ ಡಬ್ಬ ನೋಡಿ."

ಅವಳು ಡಬ್ಬವನ್ನು ಮಗ್ಗುಲು ತಿರುಗಿಸಿದಳು. ಪಕ್ಕದಲ್ಲಿ ಇಂಚರಾ ಕೊಯ್ದ ಗಾಯ. ಮೇಲೆ, ಯಾರೂ ಮುಟ್ಟದ ಮುಚ್ಚಳ. ಅಗಲವಾದ ಕಂದು ಟೇಪು. ನಡುವೆ ಉದ್ದಕ್ಕೊಂದು, ಎರಡು ಅಂಚಿಗೆ ಒಂದೊಂದು. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ.

"ಕಾತ್ಯಾಯಿನಿ ಮೇಡಂ, ಶನಿವಾರ ಇವರು ನಿಮ್ಮ ಡಬ್ಬ ಹೇಗೆ ಕಟ್ಟಿದ್ರು?"

"ದಾರದಲ್ಲಿ. ಪ್ಲಸ್ ಚಿಹ್ನೆ ಥರ, ಎರಡೆರಡು ಸುತ್ತು. ಎಷ್ಟು ಬಿಗಿಯಾಗಿತ್ತು ಅಂದ್ರೆ, ಇಂಚರಾ ಹೇಗಪ್ಪ ಬಿಚ್ಚುತ್ತಾಳೆ ಅಂತ ನಾನೇ ಕೇಳಿದೆ. 'ಕತ್ತರಿ ಇರುತ್ತಲ್ವಾ ಮೇಡಂ' ಅಂದ್ರು."

"ಆ ದಾರ ಎಲ್ಲಿ ಸಾರ್?"

"ಕತ್ತರಿಸಿ ಬಿಸಾಕಿದಾನೆ. ಸಾಮಾನು ತೆಗೆದು, ಟೈಲ್ಸ್ ಹಾಕಿ, ಟೇಪು ಹಚ್ಚಿದಾನೆ. ಇಷ್ಟೊತ್ತು ನಾನು ಹೇಳಿದ್ದು ಅದೇ ಅಲ್ವಾ?"

"ಕದ್ದೋರು ಇವರೇ ಆಗಿದ್ರೆ ಮತ್ತೆ ದಾರದಲ್ಲೇ ಕಟ್ಟುತಿದ್ರು. ದಾರ ಇವರ ಹತ್ರನೇ ಇದೆ, ಗಂಟು ಇವರದ್ದೇ. ಯಾರಿಗೂ ಅನುಮಾನ ಬರ್ತಿರ್ಲಿಲ್ಲ. ಅಂಗಡಿಗೆ ಹೋಗಿ ಎರಡಿಂಚಿನ ಟೇಪು ತಂದು, ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಮಾಡದ ಹಾಗೆ, ಅವತ್ತು ಮಾತ್ರ ನಿಯಮದ ಪ್ರಕಾರ ಯಾಕೆ ಹಚ್ತಾರೆ?"

"ನಿಮ್ಮ ರಿಪೋರ್ಟ್ ಬಂದ ಮೇಲೆ ಕಲಿತಿರಬಹುದು."

"ಯಾಕೆ ನಾಲ್ಕು ಅಂತ ಅವರಿಗೆ ಹೇಳೇ ಇಲ್ಲ ಅಂತ ಈಗ ತಾನೇ ನೀವೇ ಹೇಳಿದ್ರಿ."

ಕಾತ್ಯಾಯಿನಿಯವರು ದೂರಿನ ಹಾಳೆಯನ್ನು ಎತ್ತಿ, ನಾಲ್ಕಾಗಿ ಮಡಚಿ, ತಮ್ಮ ಕೈಚೀಲದೊಳಗೆ ಇಟ್ಟುಕೊಂಡರು. ಪರೀಕ್ಷೆಯಲ್ಲಿ ಸಿಕ್ಕ ಚೀಟಿಯನ್ನು ಇಟ್ಟುಕೊಳ್ಳುವಂತೆ.

"ಮೇಡಂ, ಅದು ಆಫೀಸ್ ಕಾಪಿ."

"ನನ್ನ ಹೆಸರಲ್ಲಿ ಬರೆದಿದೀರಿ, ನನ್ನದೇ. ಮುಂದೆ ಹೇಳಮ್ಮ."

ಸಂಘಮಿತ್ರಾ ಹೇಳಿದಳು. ನಿನ್ನೆಯಿಂದ ತಲೆಯಲ್ಲಿ ಕುದಿಯುತ್ತಿದ್ದುದು ಈಗ ಸಾಲಾಗಿ ಬರುತ್ತಿತ್ತು.

"ಎರಡು ವರ್ಷದಲ್ಲಿ ನಾನು ಕಳಿಸಿರೋದು ಅರವತ್ತೊಂದು ಪಾರ್ಸೆಲ್. ಗಾಜು, ಪಿಂಗಾಣಿ, ಬೆಳ್ಳಿ ಬಟ್ಟಲು ಕೂಡ. ಒಂದೂ ಕಳುವಾಗಿಲ್ಲ. ಒಂದೂ! ಅದೇ ಎರಡು ವರ್ಷದಲ್ಲಿ ಈ ಕಂಪನಿ ಮೇಲೆ ಜನ ಎಷ್ಟು ಕಳುವಿನ ದೂರು ಕೊಟ್ಟಿದಾರೆ ಸಾರ್?"

ಬದರಿನಾಥ ಫೈಲು ಮುಚ್ಚಿದ.

"ನಾನು ಪುಣ್ಯವಂತೆ ಅಂದ್ಕೊಂಡಿದ್ದೆ. ಅಲ್ಲ. ಹೆಚ್ಚಿನ ಶಾಖೆಗಳಿಗೆ ನಾವು ಮನೆಯಲ್ಲೇ ಪ್ಯಾಕ್ ಮಾಡಿದ ಡಬ್ಬ ತಗೊಂಡು ಹೋಗಬೇಕು. ಹೊಸ ಡಬ್ಬ, ಎರಡಿಂಚು ಮೆತ್ತೆ, ಮೂರು ಪಟ್ಟಿ ಟೇಪು, ಹಳೇ ಲೇಬಲ್ ಇರಬಾರದು. ನಿಯಮದ ಪುಸ್ತಕದಲ್ಲಿ ಹಾಗೇ ಬರೆದಿದೆ. ಈ ಊರಲ್ಲಿ ಯಾರು ಸಾರ್ ಹಾಗೆ ಡಬ್ಬ ಕಟ್ತಾರೆ? ನಮ್ಮಮ್ಮ ಮಿಕ್ಸಿ ಬಂದ ಡಬ್ಬದಲ್ಲಿ ಚಕ್ಕುಲಿ ಕಳಿಸ್ತಾರೆ, ಮಿಕ್ಸಿ ಚಿತ್ರ ಹಾಗೇ ಇರತ್ತೆ. ಮೆತ್ತೆಗೆ ಹಳೇ ನೈಟಿ ಹಾಕ್ತಾರೆ. ನಿಯಮದ ಪ್ರಕಾರ ಕಟ್ಟಿರೋ ಡಬ್ಬ ಬಂತು ಅಂದ್ರೆ ಅದು ಪರೀಕ್ಷೆ ಡಬ್ಬ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ. ಅದನ್ನ ಮುಟ್ಟಲ್ಲ. ನೈಟಿ ಸುತ್ತಿದ ಡಬ್ಬನೇ ಬಿಚ್ತಾರೆ. ನಾನು ಇಪ್ಪತ್ತಕ್ಕೆ ಇಪ್ಪತ್ತು ಬರೀತಾ ಹೋದೆ, ಜನದ ಸಾಮಾನು ಹೋಗ್ತಾ ಇತ್ತು."

ಅವಳ ಧ್ವನಿ ಏರಿತ್ತು. ತನ್ನ ಅರವತ್ತೊಂದು ವರದಿಗಳನ್ನೂ ಹರಿದು ಹಾಕಬೇಕೆನ್ನುವ ಸಿಟ್ಟು.

"ಅಂದ್ರೆ ಕಳ್ಳನಿಗೆ ನಿಯಮ ಗೊತ್ತಿದೆ," ಕಾತ್ಯಾಯಿನಿಯವರು ನಿಧಾನವಾಗಿ ಹೇಳಿದರು.

"ಬಾಯಿಪಾಠ ಬರತ್ತೆ ಮೇಡಂ. ಅದಕ್ಕೇ ಸಿಕ್ಕಿಬಿದ್ದ. ದಾರ ಕತ್ತರಿಸಿದ ಮೇಲೆ ಅಂಥದೇ ದಾರ ಸಿಗ್ಲಿಲ್ಲ. ಕೈಗೆ ಬಂದ ಟೇಪು ಎಳೆದ. ಕೈ ತನ್ನ ಅಭ್ಯಾಸ ಬಿಡ್ಲಿಲ್ಲ."

"ಹಬ್‌ನಲ್ಲಿ ಇನ್ನೂರು ಜನ ಇದಾರೆ," ಬದರಿನಾಥ ಎಂದ. ಅವನ ಮಾತು ಈಗ ಸ್ವಲ್ಪ ಜೋರಾಗಿತ್ತು. "ಎಲ್ಲಾರಿಗೂ ನಿಯಮದ ಪುಸ್ತಕ ಕೊಟ್ಟಿದೀವಿ."

ಹಬ್ ಎಂದರೆ ಬೊಮ್ಮನಹಳ್ಳಿಯ ಗೋದಾಮು. ಊರಿನ ದಕ್ಷಿಣ ಭಾಗದ ಪಾರ್ಸೆಲ್ಲುಗಳೆಲ್ಲ ಅಲ್ಲಿಗೆ ಹೋಗಿ, ಬೇರೆ ಬೇರೆ ಲಾರಿ ಹತ್ತುತ್ತವೆ. ಕಾತ್ಯಾಯಿನಿಯವರ ಡಬ್ಬ ಭಾನುವಾರ ಬೆಳಿಗ್ಗೆಯಿಂದ ಸೋಮವಾರ ಸಂಜೆಯವರೆಗೆ ಅಲ್ಲಿತ್ತು.

"ಹಬ್‌ನಲ್ಲಿ ಎಲ್ಲಾ ಕಡೆ ಕ್ಯಾಮೆರಾ ಇದೆ. ತಪಾಸಣೆ ಕೋಣೆಯಲ್ಲಿ ಇಲ್ಲ. ಅಲ್ಲಿಗೆ ಹೋಗಕ್ಕೆ ಪಾಸ್ ಇರೋದು ಪರೀಕ್ಷೆ ಮಾಡೋ ನಮ್ಮ ಏಜೆನ್ಸಿಯವರಿಗೆ ಮಾತ್ರ," ಸಂಘಮಿತ್ರಾ ಡಬ್ಬದ ಮೇಲೆ ಬೆರಳಿಟ್ಟಳು. "ಇನ್ನೊಂದು ವಿಷಯ. ಇದು ನಿಮ್ಮ ಪುಸ್ತಕದಲ್ಲಿ ಇಲ್ಲ. ನಮ್ಮ ಪುಸ್ತಕದಲ್ಲಿ ಮಾತ್ರ ಇದೆ."

ಉದ್ದದ ಪಟ್ಟಿಯ ತುದಿ. ಬೆರಳಿನ ಅಗಲಕ್ಕೆ ಒಳಗಡೆ ಮಡಚಿತ್ತು, ಪಂಚೆಯ ಅಂಚಿನ ಹಾಗೆ. ಅಂಚಿನ ಪಟ್ಟಿಗಳಲ್ಲೂ ಅಷ್ಟೇ. ಮೂರೂ ಪಟ್ಟಿ, ಮೂರು ಮಡಿಕೆ.

"ಟೇಪಿನ ತುದಿ ಹೀಗೆ ಮಡಚೋದು ನಮಗೆ ಹೇಳಿಕೊಟ್ಟಿರೋದು. ಮಡಿಕೆ ಒಳಗೆ ನಮ್ಮ ನಮ್ಮ ಗುಟ್ಟಿನ ಗುರುತು ಇಡ್ತೀವಿ. ಡಬ್ಬ ತಲುಪಿದ ಮೇಲೆ ಬಿಚ್ಚಿ ನೋಡ್ತಾರೆ. ಗುರುತು ಇಲ್ಲ ಅಂದ್ರೆ ದಾರಿಯಲ್ಲಿ ಯಾರೋ ಬೇರೆ ಟೇಪು ಹಚ್ಚಿದಾರೆ ಅಂತ ಅರ್ಥ. ಈ ಮಡಿಕೆ ಗೊತ್ತಿರೋದು ಆರು ಜನಕ್ಕೆ. ಐದು ಜನ ಗಿರಾಕಿಗಳು. ಮತ್ತೆ ನಮಗೆಲ್ಲ ಕಲಿಸಿದ ವಿಷ್ಣು ಸಾರ್."

ಆ ಹೆಸರು ಬಾಯಿಂದ ಬಂದಾಗ ಅವಳಿಗೇ ಅಚ್ಚರಿಯಾಯಿತು. ಹೇಳಬೇಕೆಂದುಕೊಂಡಿರಲಿಲ್ಲ.

"ಒಳಗೆ ಗುರುತು ಇದೆಯೇನು ನೋಡಿ ಹಾಗಿದ್ರೆ," ಬದರಿನಾಥ ಹೇಳಿದ.

"ಇರಲ್ಲ. ಕಳ್ಳ ಯಾಕೆ ಗುರುತು ಇಡ್ತಾನೆ?"

"ಬಿಚ್ಚಿ ತೋರಿಸಿ. ಇಷ್ಟೆಲ್ಲಾ ಹೇಳಿದ್ರಲ್ಲ."

ಅವಳು ಎಡ ಅಂಚಿನ ಮಡಿಕೆಯನ್ನು ಉಗುರಿನಿಂದ ಎಬ್ಬಿಸಿ ಬಿಡಿಸಿದಳು. ಅಂಟಿಗೆ ಅಂಟು ಹತ್ತಿಕೊಂಡಿತ್ತು. ಚಿರ್ ಎಂದು ಬಿಟ್ಟಿತು. ಒಳಗೆ ಏನೂ ಇಲ್ಲ.

ಬಲ ಅಂಚು. ಏನೂ ಇಲ್ಲ.

ಸಿದ್ದರಾಜು ತನಗೇ ತಿಳಿಯದಂತೆ ಎರಡು ಹೆಜ್ಜೆ ಮುಂದೆ ಬಂದಿದ್ದ. ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತೈದು.

ಉದ್ದದ ಪಟ್ಟಿ. ಅದೇ ಮೊದಲು ಎಳೆದದ್ದು, ಉಳಿದೆರಡೂ ಅದರ ಮೇಲೆ ಕೂತಿದ್ದವು. ಅವಳು ಮಡಿಕೆ ಬಿಡಿಸಿದಳು.

ನೀಲಿ ಬೊಟ್ಟು.

ಹಣೆಗಿಡುವ ಸ್ಟಿಕ್ಕರ್ ಬೊಟ್ಟು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅಂಟಿನ ನಡುವೆ ಸಿಕ್ಕಿಕೊಂಡ ನುಸಿಯ ಹಾಗೆ ಸುಮ್ಮನೆ ಕೂತಿತ್ತು.

"ಓ," ಎಂದ ಬದರಿನಾಥ. "ಕಳ್ಳ ಗುರುತು ಇಟ್ಟಿದಾನಲ್ಲ."

ಸಂಘಮಿತ್ರಾ ಬೊಟ್ಟನ್ನು ನೋಡಿದ ಕೂಡಲೇ ಗುರುತಿಸಿದಳು. ಬನಶಂಕರಿಯ ಫ್ಯಾನ್ಸಿ ಸ್ಟೋರಿನಲ್ಲಿ ಹತ್ತು ರೂಪಾಯಿಗೆ ಒಂದು ಹಾಳೆ. ಐದು ಗಿರಾಕಿಗಳಲ್ಲಿ ಒಬ್ಬರು ಮೆಂತ್ಯದ ಕಾಳು ಇಡುತ್ತಾರೆ, ಒಬ್ಬರು ಬಸ್ ಟಿಕೆಟ್ಟಿನ ಚೂರು. ನೀಲಿ ಬೊಟ್ಟು ಇಡುವವಳು ಒಬ್ಬಳೇ.

ಈ ಬೊಟ್ಟು ಇಲ್ಲಿಗೆ ಹೇಗೆ ಬಂತು?

ಆಮೇಲೆ ನೆನಪಾಯಿತು, ಎಲ್ಲವೂ ಒಟ್ಟಿಗೆ. ಕಾತ್ಯಾಯಿನಿಯವರು ಪಾರ್ಸೆಲ್ ಕಳಿಸಿದ್ದರ ಹಿಂದಿನ ದಿನ, ಶುಕ್ರವಾರ. ಬನಶಂಕರಿ ಶಾಖೆಗೆ ಹೋಗುವುದಿತ್ತು. ಬೆಳಿಗ್ಗೆಯೇ ಹೊಸ ಟೇಪಿನ ಸುರುಳಿ ತೆಗೆದು, ತುದಿಗೆ ಬೊಟ್ಟಿಟ್ಟು ಮಡಚಿ ಸಿದ್ಧ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಭೇಟಿ ರದ್ದಾಯಿತು, ತಿಂಗಳ ಕೊನೆ, ಟೇಪು, ಡಬ್ಬಗಳ ಕಿಟ್ ವಾಪಸ್ ಕೊಡು ಎಂದು ವಿಷ್ಣು ಫೋನ್ ಮಾಡಿದ. ಬಿಟಿಎಂನ ಆಫೀಸಿಗೆ ಹೋಗಿ ಅವನ ಕೈಗೇ ಕೊಟ್ಟಳು. ಸುರುಳಿ ಹಾಗೇ ಇತ್ತು, ಬೊಟ್ಟು ಮಡಿಕೆಯೊಳಗೆ. ಕಂದು ಟೇಪು, ಹೊರಗಿನಿಂದ ಕಾಣುವುದಿಲ್ಲ. ವಿಷ್ಣು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ರಿಜಿಸ್ಟರಿನಲ್ಲಿ ಸಹಿ ಮಾಡಲೆ ಎಂದಾಗ, "ಸೋಮವಾರ ಹಾಕಿದ್ರಾಯ್ತು, ಹೋಗಮ್ಮ, ಮಳೆ ಬರೋ ಹಾಗಿದೆ" ಅಂದಿದ್ದ.

ಆ ಸುರುಳಿ ಇದು. ಇದೊಂದೇ ಆಗಲು ಸಾಧ್ಯ.

ಕಳ್ಳ ಯಾರೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ, ಅವಳಿಗೆ. ಉಳಿದ ಲೋಕಕ್ಕೆ ಅದು ಅವಳ ಬೊಟ್ಟು, ಅಷ್ಟೇ.

"ಇದು ಯಾರ ಗುರುತು?" ಬದರಿನಾಥ ಕೇಳಿದ.

ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆಗ ಈ ಬೊಟ್ಟು ಯಾರದ್ದೂ ಆಗುವುದಿಲ್ಲ, ಅವಳು ಹೇಳಿದ ಮಡಿಕೆಯ ಮಾತು ಬರೀ ಮಾತಾಗುತ್ತದೆ. ಇನ್ನು ಕಾಲು ಗಂಟೆಗೆ ಲಾಯರು ಬರುತ್ತಾನೆ, ಹೊಸ ಹಾಳೆಯಲ್ಲಿ ಹಳೆಯ ದೂರು ಬರೆಯುತ್ತಾನೆ. ಸಿದ್ದರಾಜುವಿನ ಹೆಸರು ಒಂದು ಸಲ ಸ್ಟೇಷನ್ನಿಗೆ ಹೋದರೆ, ಈ ಊರಿನ ಯಾವ ಪಾರ್ಸೆಲ್ ಕೌಂಟರೂ ಅವನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಐವತ್ತೆರಡಕ್ಕೆ ಅವನು ಬೇರೆ ಏನು ಕಲಿಯಬೇಕು?

ಒಂದು ಸಲ ಅವಳು ಕಣ್ಣಿಂದ ನೋಡಿದ್ದನ್ನು ಬಿಟ್ಟು ಬೇರೆ ಬರೆದಿದ್ದಳು. ಅದರ ಬೆಲೆ ಎದುರಿಗೆ ನಿಂತಿತ್ತು, ಕೂರಲು ಕುರ್ಚಿ ಸಿಗದೆ.

"ನಂದು," ಅಂದಳು.

ಕಾತ್ಯಾಯಿನಿಯವರು ತಟ್ಟನೆ ಅವಳ ಕಡೆ ತಿರುಗಿದರು.

"ನನ್ನ ಗುರುತು. ಆದ್ರೆ ಆ ಟೇಪನ್ನ ನಾನು ಶುಕ್ರವಾರವೇ ವಿಷ್ಣು ಸಾರ್ ಕೈಗೆ ವಾಪಸ್ ಕೊಟ್ಟಿದೀನಿ. ಡಬ್ಬ ಬುಕ್ ಆಗಿದ್ದೇ ಶನಿವಾರ. ಬರ್ಕೊಳಿ ಸಾರ್. ಸಿದ್ದರಾಜು ಅವರು ಈ ಟೇಪು ಮುಟ್ಟಿರಕ್ಕೆ ಸಾಧ್ಯನೇ ಇಲ್ಲ. ಅದನ್ನ ಮೊದಲು ಬರೀರಿ."

"ಏಯ್, ಬ್ಯಾಡ ತಾಯಿ," ಸಿದ್ದರಾಜು ಮೆಲ್ಲಗೆ ಹೇಳಿದ. "ನಿಮ್ಮನ್ನ ಹಿಡ್ಕೊಂಡ್‌ಬುಡ್ತಾರೆ."

"ಹಿಡೀಲಿ ಅಣ್ಣ."

ಬದರಿನಾಥ ಏನನ್ನೂ ಬರೆಯಲಿಲ್ಲ. ಕುರ್ಚಿಗೆ ಒರಗಿ, ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದುಕೊಂಡಿರಲಿಲ್ಲ ಎನ್ನುವವನಂತೆ ಉಸಿರುಬಿಟ್ಟ.

"ವಿಷ್ಣು ಅವರನ್ನ ನಾನು ನೋಡಿರೋದು ಎರಡು ಸಲ, ವರ್ಷದ ಮೀಟಿಂಗ್‌ನಲ್ಲಿ. ನಂಬರ್ ಇದೆ. ನೇರವಾಗಿ ಕೇಳಿಬಿಡೋಣ. ನನ್ನ ಕಡೆ ಆಮೇಲೆ ಯಾರೂ ಬೊಟ್ಟು ಮಾಡಬಾರದು."

"ಸ್ಪೀಕರ್‌ಗೆ ಹಾಕಿ," ಕಾತ್ಯಾಯಿನಿಯವರು ಎಂದರು.

"ಅದೆಲ್ಲ ಬೇಡ..."

"ಹಾಕ್ರೀ."

ತರಗತಿಯ ಹಿಂದಿನ ಬೆಂಚಿಗೆ ಕೇಳಿಸುವ ದನಿ ಅದು. ಅವನು ಹಾಕಿದ. ಫೋನನ್ನು ಟೈಲ್ಸಿನ ಪಕ್ಕ ಇಟ್ಟ. ನಾಲ್ಕನೇ ರಿಂಗಿಗೆ ವಿಷ್ಣು ಎತ್ತಿದ.

"ಹೇಳಿ ಬದರಿನಾಥ್ ಸಾರ್. ನಮಸ್ಕಾರ."

"ಬಿಡುವಾಗಿದೀರಾ ಸಾರ್?"

"ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾರಲ್ಲಿ ಕೂತಿದೀನಿ. ಇನ್ನು ಅರ್ಧ ಗಂಟೆ ಬಿಡುವೇ. ಹೇಳಿ."

"ಸಂಘಮಿತ್ರಾ ಅಂತ ನಿಮ್ಮ ಹುಡುಗಿ. ಹೋದ ಶುಕ್ರವಾರ ಕಿಟ್ ವಾಪಸ್ ಕೊಟ್ಟಿದಾರಾ?"

ಒಂದು ಕ್ಷಣ. ನೆನಪು ಮಾಡಿಕೊಳ್ಳಲು ಬೇಕಾಗುವಷ್ಟೇ ಹೊತ್ತು, ಅದಕ್ಕಿಂತ ಹೆಚ್ಚಿಲ್ಲ.

"ಇಲ್ಲವಲ್ಲ. ಎಲ್ಲರದ್ದೂ ಬಂದಿದೆ, ಆಕೆಯದ್ದು ಮಾತ್ರ ಬಂದಿಲ್ಲ. ರಿಜಿಸ್ಟರ್‌ನಲ್ಲಿ ಸಹಿನೂ ಇಲ್ಲ ನೋಡಿ. ನಾನೇ ಕೇಳಬೇಕು ಅಂತಿದ್ದೆ. ಯಾಕೆ ಸಾರ್, ಏನಾದ್ರೂ ತೊಂದ್ರೆ?"

ಸುಳ್ಳು ಎಂದು ಕೂಗಲು ಸಂಘಮಿತ್ರಾ ಬಾಯಿ ತೆರೆದಳು. ಸಿದ್ದರಾಜು ಕೈಯೆತ್ತಿ ಅವಳನ್ನು ತಡೆದ.

ಅವನು ಮೇಜಿನ ಹತ್ತಿರ ಬಂದು, ಫೋನಿನ ಕಡೆ ತಲೆ ಓರೆ ಮಾಡಿ ನಿಂತಿದ್ದ. ಜಾಡಿಯ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ್ದ ದಿನವೂ ಹೀಗೇ ನಿಂತಿದ್ದ.

ಆಗ ಅವಳಿಗೂ ಕೇಳಿಸಿತು.

ವಿಷ್ಣುವಿನ ಮಾತಿನ ಹಿಂದೆ ಹಾರನ್ ಇರಲಿಲ್ಲ. ಬಸ್ಸಿನ ಸದ್ದಿರಲಿಲ್ಲ. ಚರ್ರ್ ಎಂದು ಉದ್ದಕ್ಕೆ ಒಂದು. ಬಿಡುವು. ಚರ್, ಗಿಡ್ಡದ್ದು. ಬಿಡುವು. ಚರ್, ಇನ್ನೊಂದು ಗಿಡ್ಡದ್ದು. ನಡುವಿನ ಬಿಡುವು ಒಂದೊಂದೂ ಟೇಪಿನ ತುದಿ ಮಡಚಲು ಬೇಕಾಗುವಷ್ಟು ಹೊತ್ತು.

"ಇದು ಸಿಗ್ನಲ್ ಅಲ್ಲ ಸಾರ್," ಸಿದ್ದರಾಜು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಎರಡಿಂಚು ಟೇಪು ಅದು. ಅಲ್ಲಿ ಯಾರೋ ಡಬ್ಬ ಕಟ್ತಾವ್ರೆ."

ಸದ್ದು ನಿಂತಿತು.

ಫೋನು ಕಡಿದಿರಲಿಲ್ಲ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಬದರಿನಾಥನ ಬೆರಳು ಸ್ಪೀಕರಿನ ಗುಂಡಿಯ ಕಡೆ ಹೊರಟಿತು. ಕಾತ್ಯಾಯಿನಿಯವರು ಅದಕ್ಕಿಂತ ಮೊದಲು ಫೋನಿನ ಮೇಲೆ ಅಂಗೈ ಅಡ್ಡ ಹಿಡಿದರು. ಅವರ ಬೆರಳುಗಳ ಸಂದಿಯಿಂದ ವಿಷ್ಣುವಿನ ಧ್ವನಿ ಬಂತು. ಈ ಸಲ ಅದರಲ್ಲಿ ನಮಸ್ಕಾರವಿರಲಿಲ್ಲ.

"ಲೋ ಬದರಿ, ಸ್ಪೀಕರ್‌ಗೆ ಹಾಕಿದೀಯೇನೋ?"